ಮನೆಯಲ್ಲೇ ಕಟ್ಟಿದ ಸಿಎನ್‌ಸಿ ರೌಟರ್ ಕೈಕೊಟ್ಟಾಗ: ಕಟ್ಟಿಗೆ ಮೇಲಿನ ಗುರುತು ನೋಡಿ ದೋಷ ಹುಡುಕುವ ಬಗೆ

ಧಾರವಾಡದಲ್ಲಿ ನಮ್ಮ ಮನೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾನು ಕಟ್ಟಿಕೊಂಡ ಒಂದು ಸಿಎನ್‌ಸಿ ರೌಟರ್ ಇದೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೊರೆಯುವ ಯಂತ್ರ. ಹಾಸು 600ಕ್ಕೆ 900 ಮಿ.ಮೀ. ಎಕ್ಸ್ (ಅಡ್ಡ) ಮತ್ತು ವೈ (ಉದ್ದ) ಕಡೆಗೆ 1605 ಬಾಲ್ ಸ್ಕ್ರೂ, ಝಡ್‌ಗೆ (ಮೇಲೆ ಕೆಳಗೆ) ಟಿ8 ಲೀಡ್ ಸ್ಕ್ರೂ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ನೆಮಾ 23 ಸ್ಟೆಪ್ಪರ್ ಮೋಟರು, ಅದಕ್ಕೆ ಕರೆಂಟ್ ಕೊಡುವ ಟಿಬಿ6600 ಡ್ರೈವರ್, ಆರ್ಡುಯಿನೋ ಊನೋ ಬೋರ್ಡಿನ ಮೇಲೆ ಯಂತ್ರ ನಡೆಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್ 1.1. ದೇವರ ಮನೆ ಬಾಗಿಲಿನ ಜಾಲಿ, ಹೆಸರಿನ ಫಲಕ, ತೊಟ್ಟಿಲಿನ ಪಟ್ಟಿ, ಇಂಥ ಕೆಲಸವೇ ಜಾಸ್ತಿ.

ಒಮ್ಮೆ ಸಾಗವಾನಿ ಹಲಗೆಯ ಜಾಲಿ ಕೊನೇ ಸಾಲಿಗೆ ಬರುವಷ್ಟರಲ್ಲಿ 3 ಮಿ.ಮೀ. ಪಕ್ಕಕ್ಕೆ ಸರಿದಿತ್ತು. ನಾನು ಡ್ರೈವರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಸೆಟ್ಟಿಂಗ್ ತಿದ್ದಿದೆ. ಮೂರು ದಿನ ಹೋಯಿತು. ನಮ್ಮ ಓಣಿಯಲ್ಲಿ ಕಲಘಟಗಿ ಕಡೆಯ ಬಡಿಗೇರ ಕಾಕಾ ಒಬ್ಬರಿದ್ದಾರೆ, ತೊಟ್ಟಿಲು ಮಾಡಿ ಕೈ ಪಳಗಿದವರು. ಅವರು ಬಂದು ಹಲಗೆ ಮೇಲೆ ಬೆರಳಾಡಿಸಿದರು. ಆಮೇಲೆ ಗ್ಯಾಂಟ್ರಿ (ಬಿಟ್ ಹೊತ್ತು ಓಡುವ ಅಡ್ಡ ತೊಲೆ) ಹಿಡಿದು ಒಮ್ಮೆ ಹಿಂದೆ ಮುಂದೆ ಜಗ್ಗಿದರು. "ತಮ್ಮಾ, ಇಲ್ಲೇನೋ ಟಕ್ ಅಂತೈತಿ ನೋಡು" ಅಂದರು. ಮೋಟರನ್ನು ಸ್ಕ್ರೂಗೆ ಕೂಡಿಸುವ ಕಪ್ಲಿಂಗಿನ ಒಂದು ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಸಡಿಲಾಗಿತ್ತು. ಬಿಗಿ ಮಾಡೋದು ಎರಡು ನಿಮಿಷದ ಕೆಲಸ.

ಅವತ್ತಿನಿಂದ ನನ್ನ ಕ್ರಮ ಇದು: ಮೊದಲು ಕೊರೆದ ಕಟ್ಟಿಗೆ ನೋಡುವುದು, ಆಮೇಲೆ ಯಂತ್ರವನ್ನು ಕೈಯಿಂದ ಮುಟ್ಟುವುದು, ಕೊನೆಗೆ ಕಂಪ್ಯೂಟರ್. ಕೆಳಗೆ ಬರೆದದ್ದೆಲ್ಲ ಅದೇ ಕ್ರಮದಲ್ಲಿದೆ. ದುಡ್ಡು ಖರ್ಚಾಗದ ಪರೀಕ್ಷೆ ಮೊದಲು, ಸಾಮಾನು ಕೊಳ್ಳುವ ಮಾತು ಕೊನೆಗೆ.

## ಮುಟ್ಟುವ ಮುಂಚೆ

ಕೈಯಿಂದ ಜಗ್ಗಿ ನೋಡುವ ಯಾವ ಪರೀಕ್ಷೆಗೂ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ಸಾಫ್ಟ್‌ವೇರಿನಲ್ಲಿ ನಿಲ್ಲಿಸಿದರೆ ಸಾಲದು. ರೌಟರಿನ ಪ್ಲಗ್ ಬೇರೆ ಇದ್ದರೆ ಅದನ್ನೂ ಕೀಳಿ, ಬಿಟ್ (ಕೊರೆಯುವ ಅಲಗು) ಬಿಚ್ಚಿಡಿ. ವಿಎಫ್‌ಡಿಯಿಂದ (ವೇಗ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ) ನಡೆಯುವ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರು) ಆದರೆ, ಕರೆಂಟ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ. ಕನಿಷ್ಠ 10 ನಿಮಿಷ ಕಾಯಿರಿ.

ಯಂತ್ರ ಓಡುವಾಗ ಕೈಗವಸು, ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಅಂಗಿ ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್ ಇರಲಿ. ಎಂಡಿಎಫ್ (ಕಟ್ಟಿಗೆ ನಾರು ಅಂಟಿಸಿ ಒತ್ತಿದ ಹಲಗೆ) ಪುಡಿ ಬಹಳ ನುಣ್ಣಗೆ ಇರುತ್ತದೆ, ಅದರಲ್ಲಿ ಅಂಟಿನ ಅಂಶವೂ ಸೇರಿರುತ್ತದೆ. ಸುಮ್ನೆ ಬಟ್ಟೆ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ.

ಕರೆಂಟ್ ಇರುವಾಗ ಸ್ಟೆಪ್ಪರ್ ಮೋಟರಿನ ವೈರ್ ಯಾವತ್ತೂ ಕೀಳಬೇಡಿ. ಡ್ರೈವರ್ ಅಲ್ಲೇ ಸುಟ್ಟುಹೋಗಬಹುದು. ಇನ್ನು, ಯಾವುದೇ ಸೆಟ್ಟಿಂಗ್ ಬದಲಿಸುವ ಮುಂಚೆ ಕಂಪ್ಯೂಟರಿನಿಂದ ಯಂತ್ರಕ್ಕೆ $$ ಅಂತ ಕಳಿಸಿ, ಬಂದ ಪಟ್ಟಿಯನ್ನು ಪೂರ್ತಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ.

## ಮೋಟರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಹೊಸದಾಗಿ ಕಟ್ಟಿದವರಿಗೆ ಮೊದಲು ಎದುರಾಗುವುದು ಇದೇ. ಮೋಟರು ಅಲ್ಲಲ್ಲೇ ನಡುಗುತ್ತದೆ, ಸದ್ದು ಮಾಡುತ್ತದೆ, ಮುಂದೆ ಹೋಗುವುದಿಲ್ಲ. ಹತ್ತಕ್ಕೆ ಒಂಬತ್ತು ಸಲ ಸುರುಳಿಯ ವೈರ್‌ಗಳ ಜೋಡಿ ತಪ್ಪಿರುತ್ತದೆ. ಇಲ್ಲವೆ ನಾಲ್ಕರಲ್ಲಿ ಒಂದು ವೈರ್ ಟರ್ಮಿನಲ್ಲಿನಲ್ಲಿ ಸರಿಯಾಗಿ ಕೂತಿರುವುದಿಲ್ಲ.

ಕರೆಂಟ್ ತೆಗೆದು ಮೋಟರನ್ನು ಡ್ರೈವರಿನಿಂದ ಬಿಡಿಸಿ. ನಾಲ್ಕು ವೈರ್‌ಗಳಲ್ಲಿ ಯಾವುದಾದರೂ ಎರಡರ ತುದಿ ಒಂದಕ್ಕೊಂದು ತಾಗಿಸಿ, ಶಾಫ್ಟನ್ನು ಬೆರಳಿನಿಂದ ತಿರುಗಿಸಿ. ಶಾಫ್ಟ್ ಬಿಗಿಯಾಗಿ ತಡೆದು ತಡೆದು ತಿರುಗಿದರೆ ಆ ಎರಡೂ ಒಂದೇ ಸುರುಳಿಯವು. ಹಗುರವಾಗಿ ತಿರುಗಿದರೆ ಜೋಡಿ ತಪ್ಪು, ಬೇರೆ ವೈರ್ ಹಿಡಿಯಿರಿ. ಮೀಟರ್ ಕೂಡ ಬೇಕಾಗಿಲ್ಲ. ಒಂದು ಜೋಡಿ ಎ ಟರ್ಮಿನಲ್ಲುಗಳಿಗೆ, ಇನ್ನೊಂದು ಬಿ ಟರ್ಮಿನಲ್ಲುಗಳಿಗೆ. ವೈರಿನ ಬಣ್ಣ ನಂಬಬೇಡಿ, ಮೋಟರಿನಿಂದ ಮೋಟರಿಗೆ ಬಣ್ಣ ಬೇರೆ ಇರುತ್ತದೆ.

ಮೋಟರು ಸದ್ದೇ ಮಾಡದೆ, ತೆರೆ ಮೇಲೆ ಎರರ್ 9 ಅಂತ ಬಂದರೆ ಅದು ಮೋಟರಿನ ದೋಷವಲ್ಲ. ಜಿಆರ್‌ಬಿಎಲ್ ಅಲಾರಂ ಸ್ಥಿತಿಯಲ್ಲಿ ಬೀಗ ಹಾಕಿಕೊಂಡಿದೆ ಅಷ್ಟೇ. ಹೋಮಿಂಗ್ ಮಾಡಿ (ಯಂತ್ರವನ್ನು ಅದರ ಮೂಲ ಜಾಗಕ್ಕೆ ಕಳಿಸಿ), ಇಲ್ಲವೆ ಕಾರಣ ಗೊತ್ತಿದ್ದರೆ ಅನ್‌ಲಾಕ್ ಒತ್ತಿ.

## ದುಂಡು ಕೊರೆದರೆ ದುಂಡಾಗುತ್ತಿಲ್ಲ

ನನ್ನ ಪ್ರಕಾರ ಯಂತ್ರದ ಆರೋಗ್ಯ ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕೆಲಸಕ್ಕೆ ಬಾರದ 12 ಮಿ.ಮೀ. ಪ್ಲೈವುಡ್ ತುಂಡಿನಿಂದ 100 ಮಿ.ಮೀ. ವ್ಯಾಸದ ಬಿಲ್ಲೆ ಕೊರೆಯಿರಿ. ಬಿಲ್ಲೆ ಎತ್ತುವ ಮುಂಚೆಯೇ ಎಕ್ಸ್ ಯಾವ ಕಡೆ, ವೈ ಯಾವ ಕಡೆ ಅಂತ ಅದರ ಮೇಲೆ ಪೆನ್ಸಿಲಿನಿಂದ ಬಾಣ ಹಾಕಿ. ಇದನ್ನು ಮರೆತರೆ ಮತ್ತೆ ಕೊರೆಯಬೇಕಾಗುತ್ತದೆ.

ಈಗ ಬಿಲ್ಲೆಯನ್ನು ಗಡಿಯಾರ ಅಂದುಕೊಳ್ಳಿ, ಎಕ್ಸ್ ಅಡ್ಡಕ್ಕೆ ಇರಲಿ. ಅಂಚಿನ ಸುತ್ತ ಹೆಬ್ಬೆರಳಿನ ಉಗುರು ಆಡಿಸಿ. ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ.

3 ಮತ್ತು 9 ಗಂಟೆಯ ಜಾಗದಲ್ಲಿ ಸಣ್ಣ ಮೆಟ್ಟಿಲು ಸಿಕ್ಕರೆ ಎಕ್ಸ್ ಅಕ್ಷದಲ್ಲಿ ಸಡಿಲಿದೆ. 12 ಮತ್ತು 6 ಗಂಟೆಯಲ್ಲಿ ಸಿಕ್ಕರೆ ವೈ ಅಕ್ಷದಲ್ಲಿ. ಯಾಕೆ ಅಂದರೆ, ದುಂಡು ಸುತ್ತುವಾಗ ಎಕ್ಸ್ ತನ್ನ ದಿಕ್ಕು ಬದಲಿಸುವುದು 3 ಮತ್ತು 9ರಲ್ಲಿ, ವೈ ಬದಲಿಸುವುದು 12 ಮತ್ತು 6ರಲ್ಲಿ. ದಿಕ್ಕು ಬದಲಾದ ಕೂಡಲೇ ಮೋಟರು ಮೊದಲು ಆ ಸಡಿಲನ್ನು ತಿನ್ನುತ್ತದೆ, ಆಮೇಲೆ ಗ್ಯಾಂಟ್ರಿ ಅಲುಗುತ್ತದೆ. ಅಷ್ಟು ಹೊತ್ತು ಬಿಟ್ ನೇರವಾಗಿ ಹೋಗಿ ಮೆಟ್ಟಿಲು ಮಾಡುತ್ತದೆ. ಇದೇ ಬ್ಯಾಕ್‌ಲ್ಯಾಶ್.

ಸಡಿಲು ಎಲ್ಲಿದೆ ಅಂತ ಹುಡುಕುವಾಗ ಒಂದು ಕೈಯಿಂದ ಗ್ಯಾಂಟ್ರಿ ಜಗ್ಗಿ, ಇನ್ನೊಂದು ಕೈಯ ಬೆರಳನ್ನು ಎರಡು ಭಾಗ ಕೂಡುವ ಜಾಗದ ಮೇಲೆ ಇಡಿ. ಅರ್ಧ ಬೆರಳು ಈ ಕಡೆ, ಅರ್ಧ ಆ ಕಡೆ. 0.1 ಮಿ.ಮೀ. ಅಲುಗಿದರೂ ಚರ್ಮಕ್ಕೆ ಗೊತ್ತಾಗುತ್ತದೆ. ಮೊದಲು ಕಪ್ಲಿಂಗ್ ನೋಡಿ. ಗ್ರಬ್ ಸ್ಕ್ರೂ ದುಂಡು ಶಾಫ್ಟಿನ ಮೇಲೆ ಕೂತಿದ್ದರೆ ಎಷ್ಟು ಬಿಗಿ ಮಾಡಿದರೂ ಮತ್ತೆ ಜಾರುತ್ತದೆ. ಅದು ಕೂರುವ ಜಾಗದಲ್ಲಿ ಅರದಿಂದ ಉಜ್ಜಿ ಸ್ವಲ್ಪ ಚಪ್ಪಟೆ ಮಾಡಿ, ನೀಲಿ ಬಣ್ಣದ ಥ್ರೆಡ್ ಲಾಕರ್ ಒಂದು ಹನಿ ಹಾಕಿ ಬಿಗಿ ಮಾಡಿ. ಉಜ್ಜುವಾಗ ಮೋಟರಿನ ಬೇರಿಂಗಿಗೆ ಲೋಹದ ಪುಡಿ ಹೋಗದಂತೆ ಟೇಪ್ ಸುತ್ತಿ.

ಕಪ್ಲಿಂಗ್ ಸರಿ ಇದ್ದರೆ ಸ್ಕ್ರೂ ತುದಿಯ ಬೇರಿಂಗ್ ನೋಡಿ. ಸ್ಕ್ರೂ ಉದ್ದಕ್ಕೆ ಮುಂದೆ ಹಿಂದೆ ಸರಿಯುತ್ತಿದೆಯಾ? ಹಾಗಿದ್ದರೆ ಬೇರಿಂಗ್ ಬ್ಲಾಕಿನ ಬಿಗಿ ನಟ್ಟು ಸಡಿಲಾಗಿದೆ. ಇವೆರಡೂ ಸರಿ ಇದ್ದಾಗ ಮಾತ್ರ ಸ್ಕ್ರೂ ಮೇಲೆ ಓಡುವ ನಟ್ಟನ್ನು ಅನುಮಾನಿಸಿ. ಟಿ8 ಸ್ಕ್ರೂವಿನ ಹಿತ್ತಾಳೆ ನಟ್ಟು ಸವೆಯುವುದು ಸಹಜ. ಸ್ಪ್ರಿಂಗ್ ಇರುವ ಜೋಡಿ ನಟ್ಟು ಹಾಕಿದರೆ ಸಾಕು. ಜಿಆರ್‌ಬಿಎಲ್‌ನಲ್ಲಿ ಬ್ಯಾಕ್‌ಲ್ಯಾಶ್ ಸರಿದೂಗಿಸುವ ಸೆಟ್ಟಿಂಗ್ ಇಲ್ಲ. ಇದ್ದಿದ್ದರೂ ನಾನು ಅದನ್ನು ಹಚ್ಚುತ್ತಿರಲಿಲ್ಲ, ಸಡಿಲಿರುವ ಯಂತ್ರ ಬಿಟ್ಟಿನ ಎಳೆತಕ್ಕೆ ಹೇಗೂ ಅಲುಗುತ್ತದೆ.

ಮೆಟ್ಟಿಲಿಲ್ಲ, ಆದರೆ ಬಿಲ್ಲೆ ಅಡ್ಡಕ್ಕೋ ಉದ್ದಕ್ಕೋ ಮೊಟ್ಟೆಯಂತಿದ್ದರೆ ಒಂದು ಅಕ್ಷದ ಅಳತೆ ತಪ್ಪಿದೆ. ಮೋಟರು ಒಂದು ಸುತ್ತಿಗೆ 200 ಹೆಜ್ಜೆ, ಡ್ರೈವರಿನ ಮೈಕ್ರೋಸ್ಟೆಪ್ (ಒಂದು ಹೆಜ್ಜೆಯ ಚೂರುಗಳು) 8, ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. 200 × 8 ÷ 5 = 320. ಒಂದು ಮಿ.ಮೀ.ಗೆ ಇಷ್ಟು ಸೂಕ್ಷ್ಮ ಹೆಜ್ಜೆ; ಇದು $100 (ಎಕ್ಸ್) ಮತ್ತು $101ರಲ್ಲಿ (ವೈ) ಇರಬೇಕಾದ ಅಂಕಿ. ಸುತ್ತಿಗೆ 8 ಮಿ.ಮೀ. ಸಾಗುವ ಟಿ8 ಸ್ಕ್ರೂ ಆದರೆ 200, ಅದು $102ರಲ್ಲಿ. ಅಳತೆ ಎರಡು ಪಟ್ಟು ಅಥವಾ ಅರ್ಧ ಬರುತ್ತಿದ್ದರೆ ಡ್ರೈವರ್ ಮೇಲಿನ ಸಣ್ಣ ಡಿಪ್ ಸ್ವಿಚ್ ತಪ್ಪಿದೆ ಅಂತಲೇ ಅರ್ಥ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. 300 ಮಿ.ಮೀ. ಹೇಳಿದರೆ 298.5 ಹೋಗುತ್ತಿದೆ ಅಂತ 320ನ್ನು 321.6 ಮಾಡಿ ಸುಮ್ಮನಾಗಬೇಡಿ. ಬೆಲ್ಟ್ ಯಂತ್ರದಲ್ಲಿ ಹಾಗೆ ತಿದ್ದಬಹುದು. ಬಾಲ್ ಸ್ಕ್ರೂ ಯಂತ್ರದಲ್ಲಿ ಸಲ್ಲದು. ಸಿ7 ದರ್ಜೆಯ ಸಾಧಾರಣ ಸ್ಕ್ರೂ ಕೂಡ 300 ಮಿ.ಮೀ.ಗೆ 0.05ಕ್ಕಿಂತ ತಪ್ಪುವುದಿಲ್ಲ. 1.5 ಮಿ.ಮೀ. ಎಲ್ಲಿ ಹೋಯಿತು? ಏನೋ ಜಾರಿದೆ, ಇಲ್ಲವೆ ಟೇಪ್ ಹಿಡಿದದ್ದು ತಪ್ಪಾಗಿದೆ. ಅಂಕಿ ತಿದ್ದಿದರೆ ಆ ದೋಷ ಮುಚ್ಚಿಹೋಗಿ, ಒಳ್ಳೆಯ ಹಲಗೆ ಹಾಕಿದ ದಿನ ಹೊರಗೆ ಬರುತ್ತದೆ.

ಮೊಟ್ಟೆ ಓರೆಯಾಗಿ ಮಲಗಿದ್ದರೆ ಎರಡು ಅಕ್ಷ ಒಂದಕ್ಕೊಂದು ಮೂಲೆಮಟ್ಟಕ್ಕೆ ಇಲ್ಲ. ಬಡಿಗೇರರ 3-4-5 ಲೆಕ್ಕವೇ ಸಾಕು. ಸಣ್ಣ ಬಿಟ್ ಹಾಕಿ 300ಕ್ಕೆ 400ರ ಚೌಕಟ್ಟಿನ ನಾಲ್ಕು ಮೂಲೆಗೆ ನಾಲ್ಕು ತೂತು ಹಾಕಿ. ಎರಡೂ ಕರ್ಣ 500 ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಗ್ಯಾಂಟ್ರಿಯ ಒಂದು ಕಡೆಯ ಬೋಲ್ಟು ಸಡಿಲಿಸಿ, ಸರಿಸಿ, ಮತ್ತೆ ತೂತು ಹಾಕಿ ನೋಡಿ. ನನಗೆ ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಕರ್ಣಗಳ ಅಂತರ 0.3 ಮಿ.ಮೀ.ಗೆ ಇಳಿದಾಗ ನಿಲ್ಲಿಸಿದೆ, ಬಾಗಿಲಿನ ಕೆಲಸಕ್ಕೆ ಅಷ್ಟು ಸಾಕು.

## ಅರ್ಧ ಕೆಲಸ ಚೆನ್ನಾಗಿ ಆಗಿ, ಆಮೇಲೆ ಹಾದಿ ತಪ್ಪುತ್ತದೆ

ಮೊದಲ ಕೆಲಸ ಪರ್ಮನೆಂಟ್ ಮಾರ್ಕರ್ ತೆಗೆದುಕೊಳ್ಳುವುದು. ಮೋಟರಿನ ಶಾಫ್ಟ್, ಕಪ್ಲಿಂಗ್, ಸ್ಕ್ರೂ, ಮೂರರ ಮೇಲೂ ಹಾಯುವಂತೆ ಒಂದೇ ಗೆರೆ ಎಳೆಯಿರಿ. ಕೆಲಸ ಓಡಿಸಿ. ಕೆಲಸ ತಪ್ಪಿದ ಮೇಲೆ ಗೆರೆ ಮುರಿದಿದ್ದರೆ ಕಪ್ಲಿಂಗ್ ಜಾರಿದೆ. ಗೆರೆ ನೇರವಾಗಿದ್ದೂ ಕೆಲಸ ಸರಿದಿದ್ದರೆ ಮೋಟರೇ ಹೆಜ್ಜೆ ತಪ್ಪಿದೆ.

ಹೆಜ್ಜೆ ತಪ್ಪಿದ್ದರೆ ಅದೇ ಪ್ರೋಗ್ರಾಂ ಗಾಳಿಯಲ್ಲಿ ಓಡಿಸಿ. ಬಿಟ್ ತೆಗೆದು, ಝಡ್ ಶೂನ್ಯವನ್ನು ಹಲಗೆಗಿಂತ 30 ಮಿ.ಮೀ. ಮೇಲೆ ಇಟ್ಟು ಪೂರ್ತಿ ಓಡಿಸಿ. ಕೊನೆಗೆ ಶುರುವಾದ ಜಾಗಕ್ಕೇ ಬಂತಾ? ಬಂದರೆ ಯಂತ್ರ ಸರಿ ಇದೆ, ಕೊರೆಯುವ ಭಾರ ಜಾಸ್ತಿ ಆಗಿದೆ. ಮೊಂಡು ಬಿಟ್, ಒಂದೇ ಸಲಕ್ಕೆ ಜಾಸ್ತಿ ಆಳ, ಇಲ್ಲವೆ ಸಾಗವಾನಿಯ ಗಂಟು. 6 ಮಿ.ಮೀ. ಬಿಟ್ಟಿಗೆ ಒಂದು ಸಲಕ್ಕೆ 2ರಿಂದ 3 ಮಿ.ಮೀ. ಆಳ ಸಾಕು. ಗಾಳಿಯಲ್ಲೂ ತಪ್ಪಿದರೆ ಮುಂದಿನ ನಾಲ್ಕನ್ನು ನೋಡಿ.

ಮೊದಲನೆಯದು ಉಜ್ಜಾಟ. ಕರೆಂಟ್ ತೆಗೆದು ಗ್ಯಾಂಟ್ರಿಯನ್ನು ಈ ತುದಿಯಿಂದ ಆ ತುದಿಗೆ, ಸ್ಕ್ರೂ ಕೈಯಿಂದ ತಿರುಗಿಸುತ್ತಾ ಒಯ್ಯಿರಿ. ಒಂದು ಕಡೆ ಬಿಗಿ, ಒಂದು ಕಡೆ ಹಗುರ ಅನಿಸಿದರೆ ರೇಲುಗಳು ಸಮಾನಾಂತರವಾಗಿಲ್ಲ, ಇಲ್ಲವೆ ರೇಲಿನ ಮೇಲೆ ಹೊಟ್ಟು ಕೂತಿದೆ. ಒಣ ಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿ. ಗದಗ ಕಡೆಯವರು ಬೇಸಿಗೆಯಲ್ಲಿ ಇದನ್ನು ವಾರಕ್ಕೊಮ್ಮೆ ಮಾಡಬೇಕು. ಎರೆಹೊಲದ ಧೂಳು ಗಾಳಿಗೆ ಬಂದು ಎಣ್ಣೆಯ ಜೊತೆ ಸೇರಿದರೆ ಅರೆಯುವ ಹಿಟ್ಟಿನಂತಾಗುತ್ತದೆ.

ಎರಡನೆಯದು ಅವಸರ. $110ರಿಂದ $112 ವೇಗ (ನಿಮಿಷಕ್ಕೆ ಮಿ.ಮೀ.), $120ರಿಂದ $122 ವೇಗ ಏರುವ ದರ. ಎರಡನ್ನೂ ಅರ್ಧ ಮಾಡಿ ಗಾಳಿಯಲ್ಲಿ ಓಡಿಸಿ. ಸರಿಹೋದರೆ ಕಾರಣ ಸಿಕ್ಕಿತು, ಇನ್ನು ನಿಧಾನಕ್ಕೆ ಏರಿಸುತ್ತಾ ಬನ್ನಿ. ನನ್ನ ಭಾರದ ಗ್ಯಾಂಟ್ರಿಗೆ ವೇಗ 2500, ಏರುವ ದರ 150 ಹೊಂದಿಕೊಂಡಿದೆ.

ಮೂರನೆಯದು ಕಾವು. ಬೆಳಿಗ್ಗೆ ಸರಿಯಾಗಿ ಓಡಿ, ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ಒಂದು ತಾಸಾದ ಮೇಲೆ ತಪ್ಪುತ್ತದೆಯಾ? ಡ್ರೈವರ್ ಕಾದು ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತಿದೆ. ಡಿಪ್ ಸ್ವಿಚ್ಚಿನ ಆಂಪಿಯರ್ ನೋಡಿ, ಮೋಟರಿನ ಚೀಟಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಇರಬಾರದು. ಪೆಟ್ಟಿಗೆಗೆ ಒಂದು ಫ್ಯಾನ್ ಹಾಕಿ, ಗಾಳಿ ಒಳಗೆ ಬರುವ ಕಡೆ ಜಾಳಿಗೆ ಕಟ್ಟಿ. ಮೋಟರಿನ ಮೈ ಬಿಸಿ ಆಗಿದ್ದಕ್ಕೆ ಹೆದರಬೇಡಿ, ಸ್ಟೆಪ್ಪರ್ ಸ್ವಭಾವವೇ ಅದು.

ನಾಲ್ಕನೆಯದು ಪವರ್ ಸಪ್ಲೈ. ಮೂರೂ ಅಕ್ಷ ಓಡುವಾಗ ಅದರ ಡಿಸಿ ಬದಿಯಲ್ಲಿ ಮೀಟರ್ ಹಿಡಿಯಿರಿ. 36 ವೋಲ್ಟ್ ಇರಬೇಕಾದದ್ದು ಕುಸಿಯುತ್ತಿದ್ದರೆ ಸಪ್ಲೈ ಸಾಲುತ್ತಿಲ್ಲ.

ಇದ್ಯಾವುದೂ ಅಲ್ಲ, ಆದರೆ ಕೆಲಸ ಒಂದೇ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಹೋಗುತ್ತದೆ ಅನ್ನಿ. ಸಣ್ಣ ತಿರುವು ಜಾಸ್ತಿ ಇರುವ ಜಾಲಿಯಲ್ಲಿ ಇದು ಎದ್ದು ಕಾಣುತ್ತದೆ. ಆಗ ಸ್ಟೆಪ್ ಸಿಗ್ನಲ್ ತಲೆಕೆಳಗಾಗಿದ್ದು, ದಿಕ್ಕು ಬದಲಾದಾಗಲೆಲ್ಲ ಒಂದು ಸೂಕ್ಷ್ಮ ಹೆಜ್ಜೆ ಕಳೆದುಹೋಗುತ್ತಿರಬಹುದು. $2 ಬದಲಿಸಿ ನೋಡಿ.

## ಅಂಚು ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ

ಹೊಗೆ ಕಂಡರೆ ಕೂಡಲೇ ನಿಲ್ಲಿಸಿ. ಕೆಂಡದ ಕಣ ಒಂದು ವ್ಯಾಕ್ಯೂಮ್ ಚೀಲಕ್ಕೆ ಹೋದರೆ ಹೊಟ್ಟಿನೊಳಗೆ ತಾಸುಗಟ್ಟಲೆ ಮುಚ್ಚಿದ ಬೆಂಕಿಯಾಗಿ ಕೂರುತ್ತದೆ. ಚೀಲ ಶೆಡ್ಡಿನಿಂದ ಹೊರಗೆ ತಂದು ಖಾಲಿ ಮಾಡಿ, ನೀರು ಚಿಮುಕಿಸಿ. ಯಂತ್ರ ಓಡಲು ಬಿಟ್ಟು ಊಟಕ್ಕೆ ಹೋಗಬೇಡಿ.

ಈಗ ಹೊಟ್ಟನ್ನು ಎರಡು ಬೆರಳಿನ ನಡುವೆ ಉಜ್ಜಿ. ಹಿಟ್ಟಿನಂತೆ ನುಣ್ಣಗಿದ್ದರೆ ಬಿಟ್ ಕತ್ತರಿಸುತ್ತಿಲ್ಲ, ಉಜ್ಜುತ್ತಿದೆ. ಸಣ್ಣ ಸಣ್ಣ ಚಕ್ಕೆ ಇದ್ದರೆ ಸರಿ. ಲೆಕ್ಕ ಸುಲಭ: ನಿಮಿಷಕ್ಕೆ ಎಷ್ಟು ಮಿ.ಮೀ. ಓಡುತ್ತದೋ ಅದನ್ನು ಸುತ್ತಿನ ಸಂಖ್ಯೆ ಮತ್ತು ಬಿಟ್ಟಿನ ಅಲಗುಗಳ ಗುಣಲಬ್ಧದಿಂದ ಭಾಗಿಸಿ. ಟ್ರಿಮ್ ರೌಟರ್ 30,000 ಸುತ್ತಿನಲ್ಲಿ, ಎರಡು ಅಲಗಿನ ಬಿಟ್, 900 ವೇಗ ಅಂದರೆ ಒಂದು ಅಲಗಿಗೆ 0.015 ಮಿ.ಮೀ. ಅಷ್ಟು ತೆಳು ಚಕ್ಕೆ ಕಾವನ್ನು ಹೊತ್ತು ಹೊರಹೋಗಲಾರದು, ಕಾವೆಲ್ಲ ಬಿಟ್ಟಿಗೇ ಉಳಿಯುತ್ತದೆ.

ಮನೆಯಲ್ಲಿ ಕಟ್ಟಿದ ಯಂತ್ರವನ್ನು ಬಹಳ ಜೋರಾಗಿ ಓಡಿಸಲು ಆಗುವುದಿಲ್ಲ ಅಲ್ವಾ, ಅದಕ್ಕೆ ಸುತ್ತು ಇಳಿಸಿ. 12,000 ಸುತ್ತು, 1500 ವೇಗ, ಒಂದೇ ಅಲಗಿನ ಬಿಟ್ ಹಾಕಿದರೆ 0.125 ಬರುತ್ತದೆ. ನನ್ನ ಸಾಗವಾನಿ ಕೆಲಸಕ್ಕೆ ಇದೇ ಹೊಂದಿಕೊಂಡಿದೆ. ಲೆಕ್ಕ ಸರಿ ಇದ್ದೂ ಸುಡುತ್ತಿದ್ದರೆ ಬಿಟ್ ಮೊಂಡಾಗಿದೆ. ಸಾಗವಾನಿಯಲ್ಲಿ ಸಿಲಿಕಾ ಇರುತ್ತದೆ, ಪ್ಲೈವುಡ್ಡಿನಲ್ಲಿ ಅಂಟು, ಎರಡೂ ಅಲಗನ್ನು ಬೇಗ ತಿನ್ನುತ್ತವೆ.

## ಅಂಚಿನಲ್ಲಿ ಅಲೆ ಅಲೆ, ಕಿರ್ರ್ ಸದ್ದು

ಬಿಟ್ ತನ್ನನ್ನು ಹಿಡಿದಿಡುವ ಕಾಲೆಟ್ಟಿನಿಂದ ಎಷ್ಟು ಹೊರಗಿದೆ ನೋಡಿ. ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಒಳಗೆ ಸರಿಸಿ, ಬಹಳ ಸಲ ಇಷ್ಟಕ್ಕೇ ನಿಲ್ಲುತ್ತದೆ. ಆಮೇಲೆ ಹಲಗೆಯ ಬಿಗಿತ. ನಡುವೆ ಉಬ್ಬಿದ ಹಲಗೆ ನಾಲ್ಕು ಮೂಲೆಗೆ ಕ್ಲಾಂಪ್ ಹಾಕಿದರೂ ತಮಟೆಯಂತೆ ನಡುಗುತ್ತದೆ. ಕೊನೆಗೆ, ಕರೆಂಟ್ ತೆಗೆದು ಸ್ಪಿಂಡಲ್ ಮೂತಿ ಹಿಡಿದು ಎಲ್ಲ ದಿಕ್ಕಿಗೂ ಜಗ್ಗಿ. ಬಾಗುವುದು ಸಾಮಾನ್ಯವಾಗಿ ಸ್ಪಿಂಡಲ್ ಕೂತಿರುವ ಝಡ್ ತಟ್ಟೆ. ಕೈಯಿಂದ ತಿರುಗಿಸಿದಾಗ ಸ್ಪಿಂಡಲ್ ಒಳಗೆ ಮರಳು ಇದ್ದಂತೆ ಅನಿಸಿದರೆ ಬೇರಿಂಗ್ ಮುಗಿದಿದೆ, ಅದನ್ನು ಓಡಿಸಬೇಡಿ.

## ಆಳ ಒಂದೇ ಸಮ ಬರುತ್ತಿಲ್ಲ

ಕೊರೆಯುತ್ತಾ ಹೋದಂತೆ ಆಳ ಜಾಸ್ತಿ ಆಗುತ್ತಿದ್ದರೆ ಬಿಟ್ ಕಾಲೆಟ್ಟಿನಿಂದ ಕೆಳಗೆ ಜಾರುತ್ತಿದೆ. ಹೊಟ್ಟು ಮೇಲಕ್ಕೆ ಎಸೆಯುವ ಬಿಟ್ ತನ್ನನ್ನು ತಾನೇ ಕೆಳಕ್ಕೆ ಎಳೆದುಕೊಳ್ಳುತ್ತದೆ. ಬಿಟ್ಟಿನ ಹಿಡಿಯ ಮೇಲೆ ಕಾಲೆಟ್ಟಿನ ಅಂಚಿಗೆ ಮಾರ್ಕರ್ ಗೆರೆ ಹಾಕಿ, ಓಡಿಸಿ ನೋಡಿ. ಗೆರೆ ಸರಿದಿದ್ದರೆ ಕಾಲೆಟ್ ಬಿಚ್ಚಿ ಬ್ರಷ್ಷಿನಿಂದ ಉಜ್ಜಿ ಒರೆಸಿ. ಸವೆದಿದ್ದರೆ ಹೊಸದು ತನ್ನಿ. ಜಾರುವ ಬಿಟ್ ಯಾವಾಗ ಬೇಕಾದರೂ ಹಾರಿ ಬರಬಹುದು.

ಒಂದು ಕಡೆ ಆಳ, ಒಂದು ಕಡೆ ಮೇಲೆ ಇದ್ದರೆ ಹಾಸಿನ ಮೇಲಿನ ಎಂಡಿಎಫ್ ಹಲಗೆ ಸಮವಿಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅದು ತೇವ ಹೀರಿ ಉಬ್ಬುತ್ತದೆ. ನಾನು ಜುಲೈನಲ್ಲಿ ಒಮ್ಮೆ, ದೀಪಾವಳಿ ಆದ ಮೇಲೆ ಒಮ್ಮೆ ಅಗಲ ಬಿಟ್ ಹಾಕಿ ಅರ್ಧ ಮಿ.ಮೀ. ಹೆರೆದು ಸಮ ಮಾಡುತ್ತೇನೆ. ಹೆರೆದ ಮೇಲೆ ಸಾಲು ಸಾಲು ಮೆಟ್ಟಿಲು ಕೈಗೆ ಸಿಕ್ಕರೆ ಸ್ಪಿಂಡಲ್ ವಾಲಿದೆ, ಅದರ ಬೋಲ್ಟಿನ ಹಿಂದೆ ತೆಳು ತಗಡಿನ ಚೂರು ಇಟ್ಟು ನೆಟ್ಟಗೆ ಮಾಡಿ.

## ಏನೂ ಮುಟ್ಟದೆ ಅಲಾರಂ, ನಡುವೆ ಯುಎಸ್‌ಬಿ ಕಡಿದುಹೋಗುತ್ತದೆ

ಸ್ಪಿಂಡಲ್ ಅಥವಾ ವ್ಯಾಕ್ಯೂಮ್ ಆನ್ ಮಾಡಿದಾಗ ಮಾತ್ರ ಹೀಗಾದರೆ ಇದು ವಿದ್ಯುತ್ ಗದ್ದಲ. ಲಿಮಿಟ್ ಸ್ವಿಚ್ (ಅಕ್ಷ ತುದಿ ಮುಟ್ಟಿತು ಅಂತ ತಿಳಿಸುವ ಸ್ವಿಚ್) ವೈರ್ ಮತ್ತು ಸ್ಪಿಂಡಲ್ ವೈರ್ ಒಟ್ಟಿಗೆ ಕಟ್ಟಿದ್ದರೆ ಬಿಡಿಸಿ ದೂರ ಮಾಡಿ. ಯುಎಸ್‌ಬಿ ಕೇಬಲ್ ಗಿಡ್ಡದು ಹಾಕಿ. ಸ್ವಿಚ್ಚಿಗೆ ಶೀಲ್ಡ್ ಇರುವ ವೈರ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ, ಪೆಟ್ಟಿಗೆ ಕಡೆ ಅರ್ಥ್ ಮಾಡಿ. ಲಿಮಿಟ್ ಪಿನ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸುಳ್ಳು ಅಲಾರಂ ಬಹಳ ಮಟ್ಟಿಗೆ ನಿಲ್ಲುತ್ತದೆ. ಒಣ ಹವೆಯಲ್ಲಿ ವ್ಯಾಕ್ಯೂಮ್ ಪೈಪು ಮುಟ್ಟಿದರೆ ಚಟ್ ಅನ್ನುತ್ತದಲ್ಲ, ಆ ಕಿಡಿಯೂ ಬೋರ್ಡನ್ನು ನಿಲ್ಲಿಸಬಲ್ಲದು. ಪೈಪಿನ ಉದ್ದಕ್ಕೂ ಬರಿ ತಾಮ್ರದ ತಂತಿ ಸುತ್ತಿ ಅರ್ಥ್‌ಗೆ ಕೂಡಿಸಿ.

ಇದೆಲ್ಲ ಕೆಲಸ ಮಾಡಬೇಕಾದರೆ ಮನೆಯ ಅರ್ಥ್ ಜೀವಂತ ಇರಬೇಕು. ಎರೆಮಣ್ಣಿನ ಊರುಗಳಲ್ಲಿ, ಹುಬ್ಬಳ್ಳಿಯಿಂದ ಗದಗದವರೆಗೆ, ಬೇಸಿಗೆಯಲ್ಲಿ ನೆಲ ಬಿರಿದು ಅರ್ಥಿಂಗ್ ಗುಂಡಿಯ ಸುತ್ತ ಮಣ್ಣು ಸಡಿಲಾಗುತ್ತದೆ. ಗುಂಡಿಗೆ ನೀರು ಹಾಕುತ್ತಿರಿ.

## ಇಲ್ಲಿ ನಿಲ್ಲಿಸಿ, ಬೇರೆಯವರನ್ನು ಕರೆಯಿರಿ

ಯಂತ್ರದ ಚೌಕಟ್ಟು ಮುಟ್ಟಿದಾಗ ಕೈ ಜುಂ ಅಂದರೆ ಅಲ್ಲಿಗೇ ನಿಲ್ಲಿಸಿ. ಮೇನ್ ಬಂದ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಅರ್ಥ್ ಅಳೆಯುವವರೆಗೆ ಮುಟ್ಟಬೇಡಿ. ಚಪ್ಪಲಿ ಹಾಕಿಕೊಂಡು ಮುಂದುವರಿಸುವುದು ಉಪಾಯವಲ್ಲ. ವಿಎಫ್‌ಡಿ ಒಳಗಿನ ದೋಷ, ಮೇನ್ಸ್ ವೈರಿಂಗ್, ಮತ್ತೆ ಮತ್ತೆ ಬೀಳುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್), ಇವೂ ಅವರ ಕೆಲಸವೇ. ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಕೂಡಿಸಬೇಡಿ.

ಬಾಗಿದ ಸ್ಕ್ರೂ, ಸಮವಿಲ್ಲದ ಝಡ್ ತಟ್ಟೆ, ಬೇರಿಂಗ್ ಕೂರದ ಬ್ಲಾಕ್ ಇವೆಲ್ಲ ಲೇತ್ ಮತ್ತು ಮಿಲ್ಲಿಂಗಿನ ಕೆಲಸ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕಡೆ ಇಂಥ ಕೆಲಸ ಮಾಡುವವರಿದ್ದಾರೆ. ಹೋಗುವಾಗ ಬರೀ ಬಾಯಲ್ಲಿ ಹೇಳಬೇಡಿ. ಕೆಟ್ಟ ಭಾಗ, ಅದಕ್ಕೆ ಕೂಡುವ ಎದುರು ಭಾಗ, ಮತ್ತು ನೀವು ಕೊರೆದ 100 ಮಿ.ಮೀ. ಬಿಲ್ಲೆ, ಮೂರನ್ನೂ ಚೀಲದಲ್ಲಿ ಒಯ್ಯಿರಿ. ಬಿಲ್ಲೆಯ ಮೇಲೆ ಹಾಕಿದ ಪೆನ್ಸಿಲ್ ಬಾಣ ಅಳಿಸಿರದಂತೆ ನೋಡಿಕೊಳ್ಳಿ.